ಬೀಜ ಕಟ್ಟಿದ ವರ್ಷ

ಮಾರ್ಚ್ ೧೪, ಭಾನುವಾರ

ಪ್ರೀತಿಯ ಪುಟ್ಟಿಗೆ ನಿನ್ನ ಭಾವನ ಆಶೀರ್ವಾದ.

ಕಾಗದದ ಮೇಲೆ ಕಾಗದ ಬರೆದರೂ ಉತ್ತರ ಕೊಡದ ಈ ಭಾವನ ಮೇಲೆ ನಿನಗೆ ಸಿಟ್ಟು ಬಂದಿರುತ್ತೆ. ಬರಲಿ, ಬರಬೇಕಾದ್ದೇ. ಪೆನ್ನು ಹಿಡಿದು ಕೂರ್ತಿದ್ದೆ, ‘ನಾನು ಚೆನ್ನಾಗಿದ್ದೇನೆ’ ಅಂತ ಬರೀತಿದ್ದೆ, ಮುಂದೇನೂ ತೋಚದೆ ಎದ್ದುಬಿಡ್ತಿದ್ದೆ. ನಿನ್ನ ಕಾಲಿನ ಪ್ಲಾಸ್ಟರ್ ಬಿಚ್ಚಿದರು ಅಂತ ಓದಿ ಸಮಾಧಾನವಾಯ್ತು. ಅಕ್ಕನ ಮುಖ ಕೊನೇ ಸಲ ನೋಡೋಕಾಗಲಿಲ್ಲ ಅಂತ ಕೊರಗಬೇಡ. ಮುರಿದ ಕಾಲು ಎಳೆದುಕೊಂಡು ಬಂದಿದ್ದರೆ ಅವಳು ಎದ್ದು ಕೂತು ಬೈದಿರೋಳು.

ಇಲ್ಲಿ ಎಲ್ಲಾ ಸರಿಯಾಗೇ ಇದೆ. ಹೊತ್ತಿಗೆ ಹಸಿವಾಗುತ್ತೆ, ನಿದ್ದೆಯೂ ಬರುತ್ತೆ. ಹಲ್ಲು ಕೀಳೋ ಮೊದಲು ಸೂಜಿ ಚುಚ್ತಾರಲ್ಲ, ಆಮೇಲೆ ದವಡೆ ಮುಟ್ಟಿಕೊಂಡರೆ ಯಾರದ್ದೋ ದವಡೆ ಮುಟ್ಟಿದ ಹಾಗಿರುತ್ತೆ. ನಾನು ಪೂರ್ತಿ ಹಾಗಿದ್ದೀನಿ. ಎದುರುಮನೆ ಟೈಲರ್ ದಿನಾ ಬಾಗಿಲಲ್ಲಿ ನಿಂತು, “ಅತ್ತುಬಿಡಿ ಸಾರ್, ಹಗುರಾಗುತ್ತೆ” ಅಂತಾನೆ. ತಿರುಗಿಸಿದ ತಕ್ಷಣ ಬರೋಕೆ ಅಳು ಏನು ನಲ್ಲಿ ನೀರಾ?

ಮೊನ್ನೆ ನಿನ್ನಕ್ಕ ಕೆಲಸ ಮಾಡ್ತಿದ್ದ ಸಸ್ಯ ಸಂಶೋಧನಾಲಯದಲ್ಲಿ ಅವಳ ಹೆಸರಲ್ಲಿ ಸಭೆ ಇತ್ತು. ಡೈರೆಕ್ಟರು ಮನೆಗೇ ಬಂದು, “ನೀವೂ ನಾಲ್ಕು ಮಾತಾಡಬೇಕು” ಅಂದರು. ಜೀವಮಾನವೆಲ್ಲಾ ರೈಲು ಓಡಿಸಿದವನು ನಾನು. ಸೀಟಿ ಊದೋದು ಗೊತ್ತು, ಭಾಷಣ ಎಲ್ಲಿಂದ ಬರಬೇಕು? ಆದರೂ ಹೂಂ ಅಂದೆ. ಈಗೀಗ ಯಾರು ಏನು ಕೇಳಿದರೂ ಹೂಂ ಅಂತಿದ್ದೀನಿ.

ಸಭೆಗೆ ಮುಂಚೆ ಒಣಗಿಸಿದ ಗಿಡಗಳನ್ನಿಡೋ ಅವಳ ಕೋಣೆಗೆ ಕರ್ಕೊಂಡು ಹೋದರು. ಕಬ್ಬಿಣದ ಬೀರುಗಳು, ನುಸಿಗುಳಿಗೆಯ ವಾಸನೆ. ಅವಳ ಸೀರೆಗಳಿಗೂ ಅದೇ ವಾಸನೆ ಇರ್ತಿತ್ತಲ್ಲ, ನೀನು ಮೂಗು ಮುಚ್ಕೊಂಡು ಅವಳನ್ನ ಅಣಕಿಸ್ತಿದ್ದೆ. ಮೇಜಿನ ಮೇಲೆ ಭೂತಗನ್ನಡಿ, ಪಕ್ಕದಲ್ಲಿ ಇನ್ನೊಬ್ಬರ ಕಾಫಿ ಲೋಟ. ಅವಳ ಶಿಷ್ಯೆಯದ್ದು. ನಿನಗೆ ನೆನಪಿರಬಹುದು, ಮಾತಾಡೋಕೆ ಶುರು ಮಾಡಿದರೆ ನಿಲ್ಲಿಸೋಳೇ ಅಲ್ಲ ಅಂತ ನಿನ್ನಕ್ಕ ‘ರೇಡಿಯೋ’ ಅಂತ ಹೆಸರಿಟ್ಟಿದ್ದಳಲ್ಲ, ಆ ಹುಡುಗಿ. ಈಗ ಅಕ್ಕನ ಜಾಗ ಅವಳಿಗೇ ಸಿಕ್ಕಿದೆ. ನನ್ನ ಕಂಡವಳೇ ಲೋಟ ಹಿಂದೆ ಬಚ್ಚಿಟ್ಟಳು. “ಇರಲಿ ಬಿಡಮ್ಮ, ಕುಡಿ” ಅಂದೆ.

ಭಾಷಣದಲ್ಲಿ ಕಲ್ಲುಗಣಿ ಕಥೆ ಹೇಳಿದೆ. ಸಿಮೆಂಟ್ ಗೋದಾಮಿನ ಹಿಂದೆ ಪಾಳುಬಿದ್ದ ಗಣಿ, ಅಲ್ಲಿನ ಬಂಡೆ ಬಿರುಕುಗಳಲ್ಲಿ ಬೆರಳುದ್ದದ ಗಿಡ. ಅದು ಭೂಮಿ ಮೇಲೇ ಉಳಿದಿಲ್ಲ ಅಂತ ದೊಡ್ಡ ದೊಡ್ಡವರೆಲ್ಲ ಷರಾ ಬರೆದಾಗಿತ್ತಂತೆ. ನಾನು ಡ್ಯೂಟಿ ಮುಗಿಸಿ ಮನೆಗೆ ಬಂದರೆ ನಿನ್ನಕ್ಕ ಮಂಡಿವರೆಗೂ ಕೆಸರು ಮೆತ್ತಿಕೊಂಡು ಅಡುಗೆಮನೆಯಲ್ಲಿ ನಿಂತಿದ್ದಳು. “ಸಿಕ್ತು ರೀ, ಸಿಕ್ತು!” ಮದುವೆ ದಿನವೂ ಅವಳ ಮುಖ ಅಷ್ಟು ಅರಳಿರಲಿಲ್ಲ. ಅವತ್ತಿಂದ ನಾನು ಆ ಗಿಡಕ್ಕೆ ಸವತಿ ಅಂತಲೇ ಕರೀತಿದ್ದೆ. ಸಭೆಯಲ್ಲಿ ಇದನ್ನ ಹೇಳಿದಾಗ ಎಲ್ಲರೂ ನಕ್ಕರು.

ಗಣಿ ಮತ್ತೆ ತೆರೀತೀನಿ ಅಂತ ಮಾಲೀಕ ಹೊರಟಾಗ ಇವಳು ಅಡ್ಡ ನಿಂತಳು. ಆತ ಮನೆಗೇ ಬಂದು, ಸೋಫಾದಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತು, “ಕಡ್ಡಿಯಷ್ಟಿರೋ ಗಿಡಕ್ಕೆ ಇಷ್ಟು ರಂಪ ಯಾಕೆ ಮೇಡಂ? ಕಿತ್ತು ಕುಂಡದಲ್ಲಿಟ್ಟು ಕಳಿಸ್ತೀನಿ, ಮನೇಲೇ ಸಾಕ್ಕೊಳ್ಳಿ” ಅಂದ. ನಿನ್ನಕ್ಕ, “ನಿಮ್ಮನ್ನ ಕಿತ್ತು ಕುಂಡದಲ್ಲಿಟ್ಟರೆ ಎಷ್ಟು ದಿನ ಬಾಳ್ತೀರಿ?” ಅಂದಳು. ಆಮೇಲೆ ಅವಳು ಹತ್ತದ ಕಚೇರಿ ಮೆಟ್ಟಿಲಿಲ್ಲ. ಒಬ್ಬ ಅಧಿಕಾರಿಗೆ ತಿಳಿಸಿ ಹೇಳಿ ಒಪ್ಪಿಸೋ ಹೊತ್ತಿಗೆ ಅವನಿಗೆ ವರ್ಗ. ಮತ್ತೆ ಹೊಸಬನಿಗೆ ಅ ಆ ಇ ಈಯಿಂದ ಪಾಠ. ಗಣಿಯನ್ನ ಇನ್ನು ಯಾರೂ ಮುಟ್ಟಬಾರದು ಅಂತ ಆದೇಶ ಬಂದದ್ದು ಅವಳು ಹೋದ ಮೇಲೆ. ಬೇಲಿ ಹಾಕಿದ್ದಾರೆ, ಗೇಟಿಗೆ ಅವಳ ಹೆಸರಿನ ಫಲಕ. ಹೊಸ ಬಣ್ಣ, ಇನ್ನೂ ಕೈಗೆ ಅಂಟುತ್ತೆ.

ಆ ಗಿಡ ಬೀಜ ಕಟ್ಟೋದು ಅಪರೂಪ. ಎಷ್ಟೋ ವರ್ಷ ಸುಮ್ಮನಿದ್ದು ಒಂದು ವರ್ಷ ಕಟ್ಟುತ್ತೆ, ಕಾಯಿ ಒಡೆದರೆ ಗಾಳಿಪಾಲು. ಹೋದ ವರ್ಷದ ಹಿಂದಿನ ವರ್ಷ ಕಟ್ಟಿತು. ಅವಳೂ ರೇಡಿಯೋನೂ ಬೆಳಗಾದರೆ ಗಣಿಗಿಳಿದು ಒಂದೊಂದು ಕಾಯಿಗೂ ಸೊಳ್ಳೆಪರದೆ ಬಟ್ಟೆಯ ಚೀಲ ಕಟ್ಟಿ ಕಾದರು. ಆ ಬೀಜಗಳನ್ನ ಈಗ ಬಿತ್ತಿದ್ದಾರೆ. ಸಭೆ ಮುಗಿದ ಮೇಲೆ ರೇಡಿಯೋ ನನ್ನ ಕೈ ಹಿಡಿದು ಗಾಜಿನಮನೆಗೆ ಎಳ್ಕೊಂಡು ಹೋದಳು. ತಟ್ಟೆ ತುಂಬ ಸೂಜಿಮೊನೆಯಂಥ ಹಸಿರು.

“ನೋಡಿ ಅಂಕಲ್, ಹೆಚ್ಚುಕಮ್ಮಿ ಎಲ್ಲಾ ಬಂದಿದೆ! ಮಳೆ ಬಂದ ಮೇಲೆ ಬೇರೆ ಎರಡು ಕಡೆ ನೆಡ್ತೀವಿ. ಒಂದು ಕಡೆ ಹೋದರೂ ಇನ್ನೊಂದು ಕಡೆ ಇರುತ್ತೆ. ಇನ್ನು ಇದು ಅಳಿಯಲ್ಲ ಅಂಕಲ್. ಮೇಡಂ ಗೆದ್ದುಬಿಟ್ಟರು.” ಆ ಹುಡುಗಿ ನಗ್ತಾ ಅಳ್ತಾ ಇದ್ದಳು. “ಮುಟ್ಟಿ ನೋಡಿ, ಏನೂ ಆಗಲ್ಲ.”

ನಾನು ಎರಡೂ ಕೈ ಜೇಬಿಗೆ ಹಾಕ್ಕೊಂಡೆ. “ಒಳ್ಳೇದಮ್ಮ” ಅಂದೆ. ಓಡೋ ರೈಲಿಂದ ಯಾರದೋ ಗದ್ದೆ ನೋಡಿದ ಹಾಗೆ ನೋಡಿ ಹೊರಗೆ ಬಂದೆ.

ಮಿಕ್ಕಂತೆ ವಿಶೇಷವಿಲ್ಲ. ಮೊಟ್ಟೆ ಬೇಯಿಸೋದು ಕಲಿತಿದ್ದೀನಿ, ಬಟ್ಟೆ ಒಗೆಯೋಕೆ ಬಾಯಿಬಡುಕಿ ಹೆಂಗಸೊಬ್ಬಳು ಬರ್ತಾಳೆ, ಮನೆ ಪೂರ್ತಿ ಮೌನವಾಗಿಲ್ಲ. ಷಡ್ಡಕರಿಗೆ ನನ್ನ ನೆನಪು ಹೇಳು, ಚದುರಂಗದಲ್ಲಿ ಅವರು ನನಗೊಂದು ಆಟ ಬಾಕಿ ಅಂತಲೂ ಹೇಳು. ಕಾಲು ಪೂರ್ತಿ ಬಲವಾಗೋವರೆಗೂ ಕೋಲು ಬಿಡಬೇಡ. ನಿನಗೂ ಮಕ್ಕಳಿಗೂ ಒಳ್ಳೆಯದಾಗಲಿ, ನಿಮ್ಮ ಮನೆ ನಗುನಗ್ತಾ ಇರಲಿ.

ನಿನ್ನ ಭಾವ

ತಾ.ಕ.: ಲಕೋಟೆಗೆ ಹಾಕಿದ್ದನ್ನ ಮತ್ತೆ ತೆಗೆದೆ. ಗಾಜಿನಮನೆಗೆ ಹೋಗೋ ಮೊದಲು, ಸಭೆಯ ಬಾಗಿಲಲ್ಲಿ, ನಿನ್ನಕ್ಕನಿಗೆ ಔಷಧ ಕೊಡ್ತಿದ್ದ ಡಾಕ್ಟರಮ್ಮ ಸಿಕ್ಕಿದರು. “ಅಂಥ ಹಟದವರನ್ನ ನಾನು ಕಂಡಿಲ್ಲ. ಗಂಟು ಬಟಾಣಿಯಷ್ಟಿದ್ದಾಗಲೇ ಬಂದಿದ್ದರು. ಈಗಲೇ ಆಪರೇಷನ್ ಮಾಡಿಸಿದರೆ ಉಳೀತೀರಿ ಅಂತ ಬೇಡಿಕೊಂಡೆ. ಈ ವರ್ಷ ಬೀಜ ಕಟ್ಟಿದೆ, ಅದನ್ನ ಮುಗಿಸಿ ಬರ್ತೀನಿ ಅಂತ ಹೋದವರು ಬಂದಿದ್ದು ಮುಂದಿನ ಬೇಸಿಗೆಗೆ. ನೀವು ಹೇಳಿದರೂ ಕೇಳಲಿಲ್ಲವಂತೆ, ಅಲ್ವಾ?” ಅಂದರು.

ಹೌದು ಅಂದೆ. ಬೇರೇನು ಹೇಳಲಿ? ಆ ಕಾಲವೆಲ್ಲಾ ಗಂಟಿನ ಮಾತೇ ಎತ್ತದೆ ಎದುರಿಗೆ ಕೂತು ಊಟ ಮಾಡಿದ್ದಾಳೆ, ನನ್ನ ಮಂಡಿನೋವಿಗೆ ಎಣ್ಣೆ ತಿಕ್ಕಿದ್ದಾಳೆ. ಒಂದು ಮಾತು ಕೇಳಿದ್ದರೆ, ಬೀಜ ಬೇಡ, ಮೊದಲು ಆಪರೇಷನ್ ಅಂತಿದ್ದೆ. ಅದು ಅವಳಿಗೆ ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ.

ನಿನಗೆ ಹೇಳಿದ್ದಳಾ ಪುಟ್ಟಿ? ಹೇಳಿದ್ದರೆ, ಈ ಒಂದು ಮಾತಿಗೆ ಉತ್ತರ ಬರೀಬೇಡ.