ಒಂಬತ್ತನೇ ರೂಮಿನ ಕುರ್ಚಿ

ಫೆಬ್ರವರಿ ೨, ಬೆಳಿಗ್ಗೆ ೭

ಎರಡನೇ ಮಹಡಿಯಲ್ಲಿ ಹನ್ನೊಂದು ಹಾಸಿಗೆ ಬದಲಾಯಿಸಿದ್ದಾಯಿತು. ರಿಟೈರ್ಡ್ ಮೇಷ್ಟ್ರು ಮತ್ತೆ ಪಕ್ಕದವರ ಹಲ್ಲಿನ ಸೆಟ್ ಹಾಕಿಕೊಂಡು ಕೂತಿದ್ದರು. ಬಿಚ್ಚಿಸಲು ಅರ್ಧ ಗಂಟೆ. ಹಲ್ಲಿಲ್ಲದವರು ಅಷ್ಟೂ ಹೊತ್ತು ಬೈಯುತ್ತಿದ್ದರು, ಒಂದಕ್ಷರ ಅರ್ಥವಾಗಲಿಲ್ಲ.

ಈ ವೃದ್ಧಾಶ್ರಮಕ್ಕೆ ಎಪ್ಪತ್ತೈದು ವರ್ಷ. ಆಯಾ ಆಗಿ ಬಂದ ನನಗೆ ಇಲ್ಲಿ ಮೂವತ್ತೊಂದು. ಏಪ್ರಿಲ್‌ನಲ್ಲಿ ಅಮೃತ ಮಹೋತ್ಸವ. ಸಿಸ್ಟರ್‌ಗಳು ಈಗ ಮೂರೇ ಜನ, ಅವರಿಗೂ ಮಂಡಿನೋವು. ಹಾಗಾಗಿ ಟ್ರಸ್ಟ್‌ನವರು ಒಬ್ಬ ಮ್ಯಾನೇಜರನ್ನು ಕಳಿಸಿದ್ದಾರೆ. ಮಾತೆತ್ತಿದರೆ ಗೋಡೆ ಮೇಲೆ ಸ್ಲೈಡು. ಅಡುಗೆಯವಳು 'ಪವರ್‌ಪಾಯಿಂಟ್' ಅಂತ ಹೆಸರಿಟ್ಟಿದ್ದಾಳೆ. ಬಂದ ತಿಂಗಳಲ್ಲೇ ಕಾರಿಡಾರಿನಲ್ಲಿ ಐದು ಮೌಲ್ಯ ಬರೆಸಿದ — ಕರುಣೆ, ಘನತೆ, ಸೇವೆ, ನಂಬಿಕೆ, ಸಂತೋಷ. ಬಣ್ಣದ ವಾಸನೆಗೆ ಮೂವರಿಗೆ ಕೆಮ್ಮು ಹತ್ತಿತು.

ಸ್ಮರಣ ಸಂಚಿಕೆಗೆ ಹಳೆಯ ಕಥೆ ಬೇಕಂತೆ. ಹೇಳುವವರು ಒಬ್ಬರೇ ಉಳಿದಿರುವುದು, ಒಂಬತ್ತನೇ ರೂಮಿನ ಮದರ್. ಆಶ್ರಮ ಶುರು ಮಾಡಿದ ಮೂವರಲ್ಲಿ ಕೊನೆಯವರು. ತೊಂಬತ್ತಮೂರು. ಕೇಳಿ ಬರೆದುಕೊಳ್ಳುವ ಕೆಲಸ ನನಗೆ. “ನಿಮ್ಮ ಅಕ್ಷರ ಚೆನ್ನಾಗಿದೆ ಅಕ್ಕಾ” ಎಂದ. ಬೆಣ್ಣೆ ಹಚ್ಚುವುದನ್ನು ಯಾರಾದರೂ ಇವನಿಂದ ಕಲಿಯಬೇಕು. ನನ್ನ ಡ್ಯೂಟಿಯಲ್ಲಿ ಮಾತ್ರ ಒಂದು ನಿಮಿಷ ಕಡಿಮೆ ಮಾಡಲಿಲ್ಲ.

ಫೆಬ್ರವರಿ ೯, ಮಧ್ಯಾಹ್ನ

ಮದರ್ ನನ್ನನ್ನು ಬಾಯಿಬಡುಕಿ ಅಂತಲೇ ಕರೆಯುವುದು. “ಬಾಯಿಬಡುಕೀ, ಇವತ್ತು ನೀನು ಸುಮ್ನೆ ಕೂತ್ಕೋ. ನಾನು ಮಾತಾಡ್ತೀನಿ.”

ಕುರ್ಚಿಯ ಕಥೆ ಹೇಳಿದರು. ಕುರ್ಚಿ ನನಗೆ ಗೊತ್ತು, ಇಲ್ಲಿ ಎಲ್ಲರಿಗೂ ಗೊತ್ತು. ಯಾರಿಗಾದರೂ ಕೊನೆಗಾಲ ಹತ್ತಿರವಾದರೆ ಆ ಹಳೆಯ ಮರದ ಕುರ್ಚಿ ಅವರ ಬಾಗಿಲ ಹೊರಗೆ ಬರುತ್ತದೆ. ಕುರ್ಚಿ ಹೊರಗಿದ್ದರೆ ಒಳಗೆ ಜೊತೆಗೆ ಯಾರೂ ಇಲ್ಲ ಎಂದರ್ಥ. ಆ ದಾರಿಯಲ್ಲಿ ಹೋಗುವವರು ಸಿಸ್ಟರೇ ಆಗಲಿ, ಧೋಬಿಯೇ ಆಗಲಿ, ಕುರ್ಚಿಯನ್ನು ಒಳಗೆ ಎಳೆದುಕೊಂಡು ಕೂರಬೇಕು. ಎದ್ದು ಬರುವಾಗ ಹೊರಗಿಡಬೇಕು. ಯಾರು ಸತ್ತಾಗ ಯಾರು ಕೂತಿದ್ದರು ಎಂದು 'ಕೂತವರ ಪುಸ್ತಕ'ದಲ್ಲಿ ಬರೆಯುತ್ತಾರೆ. ಇಷ್ಟು ಗೊತ್ತಿತ್ತು. ಯಾಕೆ ಶುರುವಾಯಿತು ಎಂಬುದು ಗೊತ್ತಿರಲಿಲ್ಲ.

ಮೊದಲ ವರ್ಷ. ಬಾಡಿಗೆ ಗೋದಾಮು, ನಾಲ್ಕು ಮಂಚ. ಮೊದಲು ಬಂದವಳು ಬಟ್ಟೆ ಒಗೆದು ಬದುಕಿದ ಮುದುಕಿ, ಹಿಂದೆ ಮುಂದೆ ಯಾರೂ ಇಲ್ಲದವಳು. ಕೊನೆಯ ದಿನ ಅವಳ ಹತ್ತಿರ ಕೂರುವ ಪಾಳಿ ಹದಿನೆಂಟು ವರ್ಷದ ಮದರ್‌ದು.

“ಪ್ರಾರ್ಥನೆ ಗಂಟೆ ಹೊಡೀತು. ತಡ ಆದ್ರೆ ದೊಡ್ಡ ಸಿಸ್ಟರ್ ಬೈತಾರೆ ಅಂತ ಎದ್ದು ಓಡಿದೆ. ಅವಳು ನನ್ನ ಸೆರಗು ಹಿಡ್ಕೊಂಡಿದ್ದಳು ಕಣೇ. ಬೆರಳು ಒಂದೊಂದೇ ಬಿಡಿಸ್ಕೊಂಡೆ. ವಾಪಸ್ ಬಂದಾಗ ಎಲ್ಲಾ ಮುಗಿದಿತ್ತು.”

ಅತ್ತರು. ಎಪ್ಪತ್ತೈದು ವರ್ಷದ ಹಿಂದಿನದಕ್ಕೆ.

“ದೊಡ್ಡ ಸಿಸ್ಟರ್ ಬೈಲಿಲ್ಲ. ಆ ಕುರ್ಚಿ ತಂದು ಇಟ್ಟರು. ಸಾಯೋರನ್ನ ಬಿಟ್ಟು ಪ್ರಾರ್ಥನೆಗೆ ಬಂದವರ ಪ್ರಾರ್ಥನೆ ದೇವರಿಗೆ ಬೇಡ ಅಂದರು. ಇದನ್ನ ಬರಿ. ನನ್ನ ತಪ್ಪಿಂದ ಶುರುವಾಯ್ತು ಅಂತ ಬರಿ. ಬಿಟ್ಟೀಯ ಜೋಕೆ.”

ಬರೆಯುತ್ತೇನೆ ಎಂದು ಮಾತು ಕೊಟ್ಟೆ.

ಫೆಬ್ರವರಿ ೨೦

ಪವರ್‌ಪಾಯಿಂಟ್ ಓದಿದ. ಕೆಂಪು ಪೆನ್ನು ತೆಗೆದ. ಮುದುಕಿ, ಗಂಟೆ, ಬೆರಳು — ಎಲ್ಲಾ ಕಾಟು.

“ಅಕ್ಕಾ, ಇದು ನೆಗೆಟಿವ್ ಆಗತ್ತೆ. ದಾನ ಕೊಡೋರು ಓದ್ತಾರೆ. ಕರುಣೆಯಿಂದ ಶುರುವಾಯ್ತು ಅಂತ ಹಾಕೋಣ.”

“ಶುರುವಾಗಿದ್ದು ನಾಚಿಕೆಯಿಂದ ಸಾರ್.”

“ನಾಚಿಕೆ ನಮ್ಮ ಐದು ಮೌಲ್ಯದಲ್ಲಿ ಇಲ್ವಲ್ಲ” ಎಂದು ನಕ್ಕ. ಪಕ್ಕದಲ್ಲಿದ್ದ ಸಿಸ್ಟರ್ ಸುಪೀರಿಯರ್, ಈಗಿನ ಮುಖ್ಯಸ್ಥೆ, ನೆಲ ನೋಡಿದರು. ನಾನು ಕಾಗದ ಮಡಚಿಕೊಂಡು ಬಂದೆ. ಬಾಯಿಬಡುಕಿಯಂತೆ ನಾನು!

ಮದರ್‌ಗೆ ಹೇಳಿಲ್ಲ. ಕೇಳಿದರೆ, ಪ್ರಿಂಟಿಗೆ ಹೋಗಿದೆ ಎನ್ನುತ್ತೇನೆ.

ಮಾರ್ಚ್ ೧೧

ಮದರ್‌ಗೆ ಉಸಿರು ಮೇಲೆ ಮೇಲೆ. ಮೂರು ದಿನದಿಂದ ಊಟವಿಲ್ಲ, ಚಮಚದಲ್ಲಿ ನೀರು. ಡಾಕ್ಟರು ಆಸ್ಪತ್ರೆ ಬೇಡ ಎಂದರು. ಪಾದ್ರಿಗಳು ಬಂದು ಹಣೆಗೆ ಎಣ್ಣೆ ಹಚ್ಚಿ ಹೋದರು. ಕುರ್ಚಿ ಒಂಬತ್ತರ ಬಾಗಿಲಿಗೆ ಬಂತು.

ಮೊದಲು ಒಳಗೆಳೆದವಳು ನಾನು. ಕಣ್ಣು ಬಿಟ್ಟು “ನೀನಾ… ಸರಿ” ಎಂದರು. ಅಷ್ಟೇ ಸಾಕಾಯಿತು ನನಗೆ.

ಮಾರ್ಚ್ ೧೩

ಆಗುವುದಿಲ್ಲ. ಬರೆಯಲು ಆಗುವುದಿಲ್ಲ.

ಮಾರ್ಚ್ ೧೯

ಬರೆದುಬಿಡುತ್ತೇನೆ. ಇಲ್ಲದಿದ್ದರೆ ನನಗೆ ನಾನೇ ಬೇರೆ ಕಥೆ ಹೇಳಿಕೊಳ್ಳಲು ಶುರುಮಾಡುತ್ತೇನೆ.

ಹದಿಮೂರನೇ ತಾರೀಕು, ಮಧ್ಯಾಹ್ನ ಮೂರು. ನಾನು ಒಳಗೆ, ಕುರ್ಚಿಯಲ್ಲಿ. ಪವರ್‌ಪಾಯಿಂಟ್ ಬಾಗಿಲಲ್ಲಿ ತಲೆ ಹಾಕಿದ. ಸಂಚಿಕೆಯ ಮುಖಪುಟಕ್ಕೆ ಫೋಟೋದವನು ಬಂದಿದ್ದಾನೆ, ಕೆಳಗೆ ಹಾಲ್‌ನಲ್ಲಿ ಲೈಟು ಹಾಕಿಯಾಗಿದೆ. ಬೇಕಾದದ್ದು ಈ ಕುರ್ಚಿ. ಪಕ್ಕದಲ್ಲಿ ನಾನು. ಹತ್ತೇ ನಿಮಿಷ.

ಅವನು ಬಲವಂತ ಮಾಡಲಿಲ್ಲ. ಅದನ್ನು ಒಪ್ಪಿಕೊಳ್ಳಬೇಕು. “ಮೂವತ್ತೊಂದು ವರ್ಷದ ಸೇವೆ, ನಿಮ್ಮನ್ನ ಬಿಟ್ಟು ಇನ್ಯಾರನ್ನ ನಿಲ್ಲಿಸಲಿ ಅಕ್ಕಾ” ಎಂದ. ನನಗೆ ಹಿತವಾಯಿತು. ಇಷ್ಟು ವರ್ಷದಲ್ಲಿ ಯಾರೂ ನನ್ನ ಫೋಟೋ ತೆಗೆದಿಲ್ಲ. ಮದರ್ ಮಲಗಿದ್ದರು, ಉಸಿರು ಒಂದೇ ಸಮನಾಗಿತ್ತು. ಕುರ್ಚಿ ನಾನೇ ಹೊತ್ತುಕೊಂಡು ಹೋದೆ. ದಾರಿಯಲ್ಲಿ ನಿಂತು ತಲೆ ಬಾಚಿಕೊಂಡೆ.

ಹತ್ತು ನಿಮಿಷ ನಲವತ್ತಾಯಿತು. ಲೈಟು ಸರಿ ಇಲ್ಲ, ಸೆರಗು ಸರಿ ಇಲ್ಲ, ಇನ್ನೊಂದು ನಗು.

ಆ ನಲವತ್ತು ನಿಮಿಷದಲ್ಲಿ ನರ್ಸ್ ಆ ಬಾಗಿಲ ಮುಂದೆ ಮೂರು ಸಲ ಹೋಗಿದ್ದಾಳೆ. ಒಬ್ಬರು ಸಿಸ್ಟರ್ ಎರಡು ಸಲ. ಬಟ್ಟೆ ಗಾಡಿಯವನು ಒಂದು ಸಲ. ಎಲ್ಲರೂ ನೋಡಿದ್ದಾರೆ — ಕುರ್ಚಿ ಹೊರಗಿಲ್ಲ. ಹಾಗಾದರೆ ಒಳಗೆ ಯಾರೋ ಕೂತಿದ್ದಾರೆ. ಮಾತಾಡಿಸಬಾರದು ಎಂದು ಕಾಲಿನ ಸದ್ದು ಕೂಡ ಮಾಡದೆ ದಾಟಿದ್ದಾರೆ. ಬೇರೆ ಯಾವ ಆಶ್ರಮದಲ್ಲಾದರೂ ಯಾರೋ ಒಬ್ಬರು ಇಣುಕಿ ನೋಡುತ್ತಿದ್ದರು. ನಮ್ಮಲ್ಲಿ ನಿಯಮ ಗಟ್ಟಿ.

ಒಂದು ಪ್ಲಾಸ್ಟಿಕ್ ಕುರ್ಚಿ ಬಾಗಿಲಿಗೆ ಇಟ್ಟು ಹೋಗಬಹುದಿತ್ತು. ಹೊಳೆಯಲಿಲ್ಲ. ತಲೆ ಬಾಚಿಕೊಳ್ಳುವುದು ಹೊಳೆಯಿತು.

ಬಂದಾಗ ಎಲ್ಲಾ ಮುಗಿದಿತ್ತು. ಅವರ ಬಲಗೈ ಮಂಚದ ಅಂಚಿನಿಂದ ಹೊರಗೆ ಚಾಚಿತ್ತು. ಕುರ್ಚಿ ಇದ್ದ ಕಡೆಗೆ.

ಮಾರ್ಚ್ ೨೧, ಸಂಜೆ

ಆಫೀಸಿಗೆ ಕರೆದರು. ಕೂತವರ ಪುಸ್ತಕ ಟೇಬಲ್ ಮೇಲೆ. ಮದರ್ ಹೆಸರು ಬರೆದಾಗಿದೆ, ಪಕ್ಕದ ಜಾಗ ಖಾಲಿ. ಇಷ್ಟು ವರ್ಷದಲ್ಲಿ ಒಂದೇ ಒಂದು ಜಾಗ ಖಾಲಿ ಬಿಟ್ಟಿಲ್ಲವಂತೆ. ಖಾಲಿ ಬಿಟ್ಟರೆ ಸಂಸ್ಥೆಗೆ ಕೆಟ್ಟ ಹೆಸರು ಎಂದು ಪವರ್‌ಪಾಯಿಂಟ್.

“ನೀವು ಕೂತಿದ್ರಿ ತಾನೇ? ಮೂರು ದಿನ ಕೂತಿದ್ರಿ. ಹತ್ತು ನಿಮಿಷ ಹೆಚ್ಚು ಕಡಿಮೆ.”

ಸಿಸ್ಟರ್ ಸುಪೀರಿಯರ್ ಮೆಲ್ಲಗೆ ಹೇಳಿದರು, “ಸತ್ಯ ಬರೀಬೇಕು ಅನ್ನಿಸಿದ್ರೆ ಬರಿ. ನಾನು ತಡೆಯೋದಿಲ್ಲ.”

ತಡೆಯದವರ ಮುಂದೆ ನಿಲ್ಲುವುದು ಇನ್ನೂ ಕಷ್ಟ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂದು ಮೂವತ್ತೊಂದು ವರ್ಷ ಇವರನ್ನೆಲ್ಲ ಆಡಿಕೊಂಡವಳು ನಾನು. ಪೆನ್ನು ತೆಗೆದುಕೊಂಡೆ. ನನ್ನ ಹೆಸರು ಬರೆದೆ. ಅಕ್ಷರ ಚೆನ್ನಾಗಿಯೇ ಬಂತು.

ಏಪ್ರಿಲ್ ೬

ಮಹೋತ್ಸವ ಮುಗಿಯಿತು. ಬಿಷಪ್ಪರು ಬಂದಿದ್ದರು. ಮುಖಪುಟದಲ್ಲಿ ನಾನು, ನಗುತ್ತಾ. ಕೆಳಗೆ “ಇಲ್ಲಿ ಯಾರೂ ಒಂಟಿಯಾಗಿ ಸಾಯುವುದಿಲ್ಲ”. ವೇದಿಕೆಗೆ ಕರೆದು, ಮದರ್ ಅವರ ಕೊನೆಯುಸಿರಿನವರೆಗೂ ಜೊತೆಗಿದ್ದ ಅಕ್ಕ ಎಂದು ಶಾಲು ಹೊದಿಸಿದರು. ಸೆಕೆ. ಶಾಲಿನೊಳಗೆ ಬೆವೆತುಹೋದೆ. ಚಪ್ಪಾಳೆ ನಿಲ್ಲಲಿಲ್ಲ.

ಕೆಳಗಿಳಿದಾಗ ಒಬ್ಬರು ಮುದುಕಿ ಕೋಲೂರಿಕೊಂಡು ಬಂದು ಎರಡೂ ಕೈ ಹಿಡಿದುಕೊಂಡರು. ಮದರ್ ಅವರ ಒಡಹುಟ್ಟಿದ ತಂಗಿಯಂತೆ. ಎಂಬತ್ತಾರು. ಅದೇ ಮೂಗು.

“ಕೊನೇಲಿ ಏನಾದ್ರೂ ಅಂದ್ಲಾ ನಮ್ಮಕ್ಕ?”

ನನಗೇನೂ ಕೇಳಿಸಲಿಲ್ಲ ಎನ್ನಬಹುದಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ. ಆ ಕಣ್ಣು ನೋಡಿ ಬಾಯಿ ತಾನಾಗಿ ಆಡಿತು. “ನಿಮ್ಮನ್ನ ಕೇಳಿದ್ರು ಅಮ್ಮಾ. ತಂಗಿ ಬಂದ್ಲಾ ಅಂತ.”

ಅವರು ನನ್ನ ಕೈ ಕಣ್ಣಿಗೆ ಒತ್ತಿಕೊಂಡರು. ಅಪ್ಪನ ಮನೆ ಪಾಲಿನ ವಿಷಯಕ್ಕೆ ಜಗಳವಾಡಿ ನಲವತ್ತು ವರ್ಷ ಅಕ್ಕತಂಗಿಯರು ಮಾತು ಬಿಟ್ಟಿದ್ದರಂತೆ. “ಕ್ಷಮಿಸಿಬಿಟ್ಲು ಹಾಗಾದ್ರೆ” ಎಂದು ಮತ್ತೆ ಮತ್ತೆ ಅಂದರು. ನಾನು ಹೂಂ ಎಂದೆ. ಪ್ರತಿ ಸಲವೂ ಹೂಂ ಎಂದೆ.

ಏಪ್ರಿಲ್ ೨೭

ಅವರು ಬಂದಿದ್ದಾರೆ. ಬಟ್ಟೆಯ ಪೆಟ್ಟಿಗೆ, ಜಪಸರ, ಔಷಧಿ ಡಬ್ಬ. ಮಗನ ಮನೆಯಲ್ಲಿ ಅವರಿಗೆ ಸ್ವಂತ ಕೋಣೆ ಇದೆ, ಸೊಸೆ ಒಳ್ಳೆಯವಳು, ಮೊಮ್ಮಕ್ಕಳು ಪ್ರಾಣ. ಎಲ್ಲರೂ ಅತ್ತು ಕರೆದರೂ ಕೇಳಲಿಲ್ಲವಂತೆ. ಮಗ ಬಾಗಿಲಲ್ಲಿ ನನ್ನನ್ನು ಮೇಲಿಂದ ಕೆಳಗೆ ನೋಡಿದ. “ನಿಮ್ಮನ್ನ ನಂಬ್ಕೊಂಡು ಬರ್ತಿದ್ದಾರೆ” ಎಂದ, ಅಷ್ಟೇ.

ಒಂಬತ್ತನೇ ರೂಮೇ ಬೇಕೆಂದು ಹಟ ಮಾಡಿ ತೆಗೆದುಕೊಂಡರು. ಹಾಸಿಗೆ ಹಾಸುವಾಗ ನನ್ನ ಗಲ್ಲ ಹಿಡಿದರು.

“ನಂಗೂ ನೀನೇ ಕೂತ್ಕೋಬೇಕು ಮಗಳೇ. ಬೇರೆ ಯಾರೂ ಬೇಡ.”

ಮೇ ೩, ಸಂಜೆ ೪

ಊಟ ಸೇರುತ್ತಿಲ್ಲ ಅವರಿಗೆ. ಮೊಮ್ಮಗಳ ಹೆಸರು ಹೇಳಿಕೊಂಡು ಕಿಟಕಿ ಕಡೆ ನೋಡುತ್ತಾ ಕೂರುತ್ತಾರೆ. ಮನೆಗೆ ಹೋಗಿ ಎಂದೆ. “ಅಕ್ಕ ಕರೆದಿದ್ದಾಳಲ್ಲ” ಎಂದರು.

ಕರೆದವಳು ನಾನು. ಒಂದು ಮಾತಿನಿಂದ ಒಂದು ಮುದಿಜೀವವನ್ನು ಮೊಮ್ಮಕ್ಕಳ ಮಧ್ಯದಿಂದ ಎಬ್ಬಿಸಿ ತಂದು ಇಲ್ಲಿ ಕೂರಿಸಿದ್ದೇನೆ. ಇವತ್ತೇ ಹೇಳಬೇಕು. ಹೇಗೆ ಹೇಳಲಿ ಎಂದು ಇಲ್ಲಿ ಬರೆದು ನೋಡುತ್ತೇನೆ.

ಅಮ್ಮಾ, ನಿಮ್ಮಕ್ಕ ನಿಮ್ಮನ್ನು ಕೇಳಲಿಲ್ಲ. — ಇಷ್ಟು ಬರಿದಾಗಿ ಹೇಳಿದರೆ ಎದೆ ಒಡೆದುಕೊಂಡಾರು.

ಅಮ್ಮಾ, ಕೇಳಿದರೋ ಇಲ್ಲವೋ ನನಗೆ ಗೊತ್ತಿಲ್ಲ. — ಇದು ನಿಜ. ಕೇಳಿಯೂ ಇರಬಹುದು. ಕೇಳಿಸಿಕೊಳ್ಳಲು ಯಾರೂ ಇರಲಿಲ್ಲ. ಹಾಗಾದರೆ ಅದನ್ನೂ ಹೇಳಬೇಕು. ಹೇಳಿದರೆ ಮನೆಗೆ ಹೋಗುತ್ತಾರೆ. ಕ್ಷಮೆ ಇಲ್ಲದೆ ಹೋಗುತ್ತಾರೆ. ಹೇಳದಿದ್ದರೆ ಇಲ್ಲೇ ಸಾಯುತ್ತಾರೆ, ಕ್ಷಮೆ ಇಟ್ಟುಕೊಂಡು, ನನ್ನ ಕೈ ಹಿಡಿದುಕೊಂಡು.

ಕಾರಿಡಾರಿನಲ್ಲಿ ಕೋಲಿನ ಸದ್ದು. ಅವರೇ. ಕರೆಯುತ್ತಿದ್ದಾರೆ, ಬಂದೆ ಅಮ್ಮಾ ಅಂದೆ. ಸುತ್ತುಬಳಸು ಬೇಡ. ಇಷ್ಟೇ ಹೇಳುವುದು: ಅಮ್ಮಾ, ಆವತ್ತು ನಿಮ್ಮಕ್ಕನ ಹತ್ತಿರ ನಾನು —