ಕೆನ್ನೆಯ ತೂತು

ಏಪ್ರಿಲ್ 9, ಗುರುವಾರ

ಹನ್ನೊಂದನೆಯ ವಯಸ್ಸಿನಲ್ಲಿ ಮಾಡಿದ್ದನ್ನು ಈವರೆಗೆ ಯಾರಿಗೂ ಹೇಳಿರಲಿಲ್ಲ. ಶುಭ ಶುಕ್ರವಾರದಂದು ಹಳೆಯ ಗೋರಿಗಳ ದಿಬ್ಬ ತಾನಾಗಿ ಬಾಯಿ ತೆರೆಯುತ್ತದೆಂದು ನಮ್ಮೂರವರ ನಂಬಿಕೆ. ಅಂದು ಅದನ್ನು ಕದ್ದು ಅಗೆಯಲು ಹೋದ ಎಲೆಯುತೆರಿಯೊ ಮಾವನ ಜೊತೆ ನಾನೂ ಹೋಗಿದ್ದೆ. ಮಣ್ಣಿಗೆ ಕಬ್ಬಿಣದ ಸಲಾಕೆ ಚುಚ್ಚಿ ನೋಡಿದವಳು ನಾನೇ. ಅದು ಮನುಷ್ಯನ ಮುಖವಿದ್ದ ಮಡಕೆಯೊಂದರ ಕೆನ್ನೆ ತೂರಿತು. ಮಾವ ಅದನ್ನು ಮಾರಿದ.

ಇಂದು ಅದೇ ಮುಖ ವಸ್ತುಸಂಗ್ರಹಾಲಯದ ಗಾಜಿನೊಳಗಿತ್ತು. ಸಾವಿರ ವರ್ಷಕ್ಕೂ ಹಿಂದೆ ಇಲ್ಲಿ ಬಾಳಿದ ಮೋಚೆ ಜನರ ಆ ಕುಂಬಾರ ಎಷ್ಟು ನೋಡಿರಬೇಕು: ಮೇಲ್ತುಟಿಯ ಗಾಯದ ಗೆರೆ, ನಿದ್ದೆಗೆಟ್ಟ ರೆಪ್ಪೆ, ನಗು ತಡೆದುಕೊಂಡ ಬಾಯಿ. ತರಗತಿಯಲ್ಲಿ ಐದು ನಿಮಿಷ ಕೂರಲಾರದೆ ಶಾಲೆ ಬಿಟ್ಟವಳು ಅವನೆದುರು ಒಂದು ಗಂಟೆ ನಿಂತೆ. ಕೆಳಗಿನ ಚೀಟಿಯಲ್ಲಿ, ತೂತು ಶವಸಂಸ್ಕಾರದ ಶಾಸ್ತ್ರಕ್ಕೆಂದು ಕೊರೆದದ್ದು, ಸಿಕ್ಕ ಜಾಗ ತಿಳಿಯದು ಎಂದಿತ್ತು.

ತಡೆಯಲಾಗಲಿಲ್ಲ. ಅಲ್ಲಿನ ಅಧಿಕಾರಿ ಒತಿಲಿಯಾ ಅವರಿಗೆ ಹೇಳಿದೆ, "ಮೇಡಂ, ಅದು ಶಾಸ್ತ್ರ ಅಲ್ಲ, ನನ್ನ ಸಲಾಕೆ."

ಅವರು ಕನ್ನಡಕ ತೆಗೆದರು. "ಆ ಚೀಟಿ ಬರೆದೋಳು ನಾನೇ ಕಣೆ. ಆರು ವರ್ಷದಿಂದ ನಿನ್ನ ಸಲಾಕೆಗೆ ಕೈಮುಗೀತಿದೀನಿ ಅನ್ನು. ಜಾಗ ತೋರಿಸ್ತೀಯಾ?"

ಮನೆಗೆ ಬಂದು ಮಾವನಿಗೂ ಹೇಳಿದೆ. "ತೋರಿಸಿದ್ರೆ ಈ ಹೊಸ್ತಿಲು ತುಳೀಬೇಡ," ಎಂದ. ಅವನ ಅನ್ನ ತಿಂದೇ ಬೆಳೆದೆ. ಆದರೆ ಗಾಜಿನೊಳಗಿನವನಿಗೆ ತನ್ನದೊಂದು ಊರಾದರೂ ಸಿಗಬೇಕು.

ನಾಳೆ ಬೆಳಿಗ್ಗೆ ಆರಕ್ಕೆ ಒತಿಲಿಯಾ ಅವರ ಜೀಪಿನಲ್ಲಿ ದಿಬ್ಬಕ್ಕೆ ಹೊರಡುತ್ತೇನೆ.