ಇಪ್ಪತ್ತೆರಡು ಮತ್ತು ಇಪ್ಪತ್ತಮೂರರ ನಡುವೆ

ಮನೆ, ಮೂರನೇ ಮಹಡಿ
ತಾ. ೧೪, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲ ತಂಗಿಯ ಕಾಲು ಒತ್ತುವುದರಲ್ಲೇ ದಿನ ಕಳೆಯುತ್ತಿದೆಯೋ? ಅವಳು ಡಾಕ್ಟರ್ ಹೇಳಿದ ಹಾಗೆ ಮಲಗಿಯೇ ಇದ್ದಾಳಾ? ಅರ್ಧ ಗಂಟೆ ಒಂದು ಕಡೆ ಕೂತವಳಲ್ಲ, ಹೆರಿಗೆಯವರೆಗೆ ಇನ್ನೂ ಮೂರು ವಾರ ಹಾಸಿಗೆ ಬಿಟ್ಟು ಏಳಬಾರದು ಅಂದರೆ ಅವಳಿಗೆ ಜೈಲೇ. ಗಂಡ ಬೆಳಿಗ್ಗೆ ಹೋದರೆ ಸಂಜೆಗೆ ಬರುವವನು, ನೀನಿಲ್ಲದಿದ್ದರೆ ಒಂದು ಲೋಟ ನೀರು ಕೊಡುವವರೂ ಇಲ್ಲ. ಇದು ಗೊತ್ತಿದ್ದೂ ಬುಧವಾರ ಫೋನಿನಲ್ಲಿ ನಾನು ಅತ್ತು "ಬಂದುಬಿಡಮ್ಮಾ" ಅಂದೆ. ನೀನು ಯಾಕೆ ಏನು ಅಂತ ಕೇಳದೆ ಬರುವ ಶುಕ್ರವಾರಕ್ಕೆ ಟಿಕೆಟ್ ಮಾಡಿಸಿದೆ. ಆ ವಿಷಯ ಕೊನೆಯಲ್ಲಿ ಬರೆಯುತ್ತೇನೆ. ಫೋನಿನಲ್ಲಿ ಹೇಳಿದರೆ ನೀನು ನನ್ನ ಧ್ವನಿ ಕೇಳುತ್ತೀಯೇ ಹೊರತು ಮಾತು ಕೇಳುವುದಿಲ್ಲ. ಅದಕ್ಕೇ ಕಾಗದ. ಅಕ್ಷರ ಸೊಟ್ಟಗಿವೆ, ಅದರ ಕಾರಣವನ್ನೂ ಮುಂದೆ ಹೇಳುತ್ತೇನೆ.

ಇಲ್ಲಿ ಗುಂಡುಮಣಿ ಚೆನ್ನಾಗಿದ್ದಾಳೆ. ಐದು ತಿಂಗಳಿಗೇ ನನ್ನ ಕನ್ನಡಕ ಕಿತ್ತು ಬಾಯಿಗೆ ಹಾಕಿಕೊಳ್ಳುವ ಶಕ್ತಿ ಬಂದಿದೆ. ಚೆನ್ನಾಗಿಲ್ಲದವಳು ನಾನು. ನೀನು ಹೋದ ದಿನದಿಂದ ಅವಳು ಹಗಲಲ್ಲಿ ಮಲಗುತ್ತಿರಲಿಲ್ಲ. ನೀನು ಬರೆದುಕೊಟ್ಟ ಪಟ್ಟಿ ಫ್ರಿಜ್ಜಿನ ಬಾಗಿಲ ಮೇಲೆ ಅಂಟಿಸಿದ್ದೇನೆ. ಈಗ ಮನೆಯಿಂದಲೇ ಕೆಲಸ ಮಾಡುತ್ತಿರುವ ನಿನ್ನ ಅಳಿಯ ಮಧ್ಯಾಹ್ನ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಅದರ ಮುಂದೆ ನಿಂತು "ಐದು, ತೇಗು ಬರಿಸು. ಬರಿಸಿದೆ. ಆರು, ಬಟ್ಟೆ ಬದಲಿಸು. ಬದಲಿಸಿದೆ. ಏಳು, ಮಲಗಿಸು. ಎಂಟು, ಬಾಗಿಲು ಓರೆ ಮಾಡು" ಅಂತ ಸಾಲುಸಾಲಾಗಿ ಓದಿ ಮಾಡುತ್ತಿದ್ದರು. ಎಂಟು ಮುಗಿಯುವಷ್ಟರಲ್ಲಿ ಒಳಗಿನಿಂದ ಕಿರುಚಾಟ. "ನಿಮ್ಮಮ್ಮನ ಕೈಗುಣ ಕಣೇ, ಅದನ್ನ ಪಟ್ಟೀಲಿ ಬರೆಯೋಕಾಗಲ್ಲ" ಅನ್ನುವುದು, ಮತ್ತೆ ಒಂದರಿಂದ ಶುರು. ಹಗಲು ಮಲಗದ ಮಗು ರಾತ್ರಿಯೂ ಮಲಗಲಿಲ್ಲ, ನಾನೂ ಮಲಗಲಿಲ್ಲ.

ಇದರ ಮೇಲೆ ಆಸ್ಪತ್ರೆಯ ಕೆಲಸ. ನನ್ನ ಕೆಲಸ ಏನು ಅಂತ ನೀನು ಕೇಳಿದಾಗಲೆಲ್ಲ "ಕಂಪ್ಯೂಟರ್ ಅಮ್ಮಾ" ಅಂದು ಬಾಯಿ ಮುಚ್ಚಿಸುತ್ತಿದ್ದೆ, ಈ ಸಲ ಸರಿಯಾಗಿ ಹೇಳುತ್ತೇನೆ. ರಕ್ತಪರೀಕ್ಷೆಯ ವರದಿ, ಎಕ್ಸ್‌ರೇ ಚಿತ್ರ, ಔಷಧಿ ಅಂಗಡಿಯ ದಾಸ್ತಾನು, ಇದಕ್ಕೆಲ್ಲ ಒಂದೊಂದು ಕಂಪ್ಯೂಟರ್ ಬೇಕು. ಆದರೆ ಅಷ್ಟೂ ಕಂಪ್ಯೂಟರ್ ನಿಜವಾಗಿ ಇರುವುದಿಲ್ಲ. ತಣ್ಣನೆಯ ಕೋಣೆಯಲ್ಲಿ ಸರ್ವರ್ ಅನ್ನುವ ಒಂದೇ ದೊಡ್ಡ ಯಂತ್ರ. ಅದರೊಳಗೆ ಹತ್ತು ಹನ್ನೆರಡು ಯಂತ್ರಗಳು ಬೇರೆ ಬೇರೆ ಇದ್ದ ಹಾಗೆ ನಡೆಯುತ್ತವೆ. ಒಂದು ದೊಡ್ಡ ಮನೆಯಲ್ಲಿ ಗೋಡೆ ಎಬ್ಬಿಸಿ ಹತ್ತು ಸಂಸಾರಗಳಿಗೆ ಬಾಡಿಗೆಗೆ ಕೊಟ್ಟ ಹಾಗೆ ಅಂದುಕೋ. ಒಬ್ಬರ ಜಗಳ ಇನ್ನೊಬ್ಬರಿಗೆ ಕೇಳಿಸಬಾರದು, ನೀರು ಕರೆಂಟು ಮಾತ್ರ ಎಲ್ಲರಿಗೂ ಸಿಗಬೇಕು. ಹಾಗೆ ಮನೆ ಸಿದ್ಧಮಾಡುವುದು ನಮ್ಮ ಕೆಲಸ. ಕೈಯಿಂದ ಮಾಡಿದರೆ ಒಂದು ಸರ್ವರಿಗೆ ಒಂದು ಇಡೀ ದಿನ, ಕೆಲವೊಮ್ಮೆ ಒಂದೂವರೆ.

ನಾನು ಹೆರಿಗೆ ರಜೆ ಮುಗಿಸಿ ಬಂದಾಗ ಎಂಟು ಹೊಸ ಸರ್ವರ್‌ಗಳು ಪೆಟ್ಟಿಗೆಯಲ್ಲೇ ಕೂತಿದ್ದವು. ನಮ್ಮ ವಿಭಾಗದ ಮೇಡಂ ಕೆಟ್ಟವರಲ್ಲ, ನೇರ ಮಾತಿನವರು. "ಇದು ಕೂತು ಮುಗಿಸೋ ಕೆಲಸ. ನೀನು ನಾಲ್ಕಕ್ಕೆ ಮಗು ಅಂತ ಓಡ್ತೀಯ. ಆಗಲ್ಲ ಅಂದ್ರೆ ಹೇಳಿಬಿಡು, ನಿನ್ನನ್ನ ವಿಚಾರಣೆ ಕೌಂಟರಿಗೆ ಹಾಕಿ ಬೇರೆಯವರನ್ನ ತಗೋತೀನಿ" ಅಂದರು. ಓದಿದ್ದೆಲ್ಲ ಬಿಟ್ಟು ಹೊರರೋಗಿಗಳ ಸಾಲಿಗೆ ಚೀಟಿ ಹರಿದುಕೊಡುವುದು! ನಾನು ಧೈರ್ಯ ಮಾಡಿ, ಎರಡು ವಾರ ಕೊಡಿ, ಎಂಟೂ ಸರ್ವರ್ ತಮ್ಮಷ್ಟಕ್ಕೆ ತಾವೇ ಸಿದ್ಧವಾಗುವ ಹಾಗೆ ಮಾಡುತ್ತೇನೆ ಅಂದುಬಿಟ್ಟೆ. ಹೆಜ್ಜೆಗಳನ್ನೆಲ್ಲ ಯಂತ್ರಕ್ಕೆ ತಿಳಿಯುವ ಭಾಷೆಯಲ್ಲಿ ಬರೆದಿಟ್ಟರೆ ಅದೇ ಓದಿಕೊಂಡು ಅದೇ ಮಾಡಿಕೊಳ್ಳುತ್ತದೆ. ಅದಕ್ಕೆ ಸ್ಕ್ರಿಪ್ಟ್ ಅನ್ನುತ್ತೇವೆ. ಬರೆಯುವುದು ಮಾತ್ರ ನಾವೇ.

ಹೆಜ್ಜೆಗಳು ಇದ್ದದ್ದು ಮೇಷ್ಟ್ರ ಹತ್ತಿರ. ನಮ್ಮ ಹಿರಿಯ ತಂತ್ರಜ್ಞರು, ತಿಂಗಳ ಕೊನೆಗೆ ನಿವೃತ್ತಿ. ಯಾವತ್ತೂ ಪಾಠ ಹೇಳಿದವರಲ್ಲ, ಅಕ್ಷರ ದುಂಡಗೆ ಅಂತ ಆ ಹೆಸರು ಬಂದಿದೆ. ಹಸಿರು ರಟ್ಟಿನ ನೋಟ್‌ಬುಕ್ಕಿನಲ್ಲಿ ನಲವತ್ತೊಂದು ಹೆಜ್ಜೆ ಬರೆದಿಟ್ಟಿದ್ದಾರೆ. ಅಷ್ಟನ್ನೂ ಅಕ್ಷರ ಬಿಡದೆ ಸ್ಕ್ರಿಪ್ಟಿಗೆ ಇಳಿಸಿದೆ. ಇಪ್ಪತ್ತೆರಡರವರೆಗೆ ಸರಾಗ, ಇಪ್ಪತ್ತಮೂರಕ್ಕೆ ಬಂದ ಕೂಡಲೇ ಮುಗ್ಗರಿಸಿ ನಿಲ್ಲುತ್ತಿತ್ತು. ಒಂದಲ್ಲ ಎರಡಲ್ಲ, ಹನ್ನೊಂದು ಸಲ. ಅದೇ ನೋಟ್‌ಬುಕ್ ಹಿಡಿದು ಮೇಷ್ಟ್ರು ಕೈಯಿಂದ ಮಾಡಿದರೆ ಸರ್ವರ್ ಸಲೀಸಾಗಿ ಏಳುತ್ತಿತ್ತು. ಪಕ್ಕದ ಮೇಜಿನವರು "ಮೇಷ್ಟ್ರ ಕೈಗುಣ ಬಿಡಮ್ಮ" ಅಂದರು. ಮನೆಯಲ್ಲಿ ಕೇಳಿದ ಮಾತನ್ನೇ ಅಲ್ಲೂ ಕೇಳಿ ಮೈ ಉರಿಯಿತು. ಬುಧವಾರವಂತೂ ನಿದ್ದೆಗಣ್ಣಿನಲ್ಲಿ ಸರ್ವರಿನ ಹೆಸರು ಬರೆಯುವ ಕಡೆ ಗುಂಡುಮಣಿ ಅಂತ ಬರೆದುಬಿಟ್ಟಿದ್ದೆ. ಮೇಡಂ ಬಂದು ನೋಡುವಾಗ ಪರದೆಯ ಮೇಲೆ ದೊಡ್ಡದಾಗಿ "ಗುಂಡುಮಣಿ ಸಿದ್ಧವಾಗಿಲ್ಲ" ಅಂತ ಕಾಣುತ್ತಿತ್ತು. ಅವತ್ತೇ ನಾನು ಮೆಟ್ಟಿಲ ಮೇಲೆ ಕೂತು ನಿನಗೆ ಫೋನ್ ಮಾಡಿದ್ದು.

ಗುರುವಾರ ನೋಟ್‌ಬುಕ್ ಮುಚ್ಚಿಟ್ಟು ಮೇಷ್ಟ್ರ ಪಕ್ಕ ಸ್ಟೂಲ್ ಹಾಕಿಕೊಂಡು ಕೂತೆ. "ನೀವು ಮಾಡಿ ಸರ್, ನಾನು ಸುಮ್ಮನೆ ನೋಡ್ತೀನಿ" ಅಂದೆ. ಅವರು ಹೇಳಿದ್ದನ್ನಲ್ಲ, ಅವರು ಮಾಡಿದ್ದನ್ನೆಲ್ಲ ಬರೆದುಕೊಂಡೆ, ಮೂಗು ತುರಿಸಿಕೊಂಡದ್ದನ್ನೂ ಬಿಡದೆ. ಇಪ್ಪತ್ತೆರಡು ಅಂದರೆ ಮಾಹಿತಿ ತುಂಬಿಡುವ ಎರಡು ಡಿಸ್ಕುಗಳನ್ನು ಜೋಡಿ ಮಾಡುವುದು, ಒಂದು ಕೆಟ್ಟರೂ ಇನ್ನೊಂದರಲ್ಲಿ ಎಲ್ಲ ಉಳಿದಿರಲಿ ಅಂತ. ಅದನ್ನು ಮುಗಿಸಿದ ಮೇಷ್ಟ್ರು ಕನ್ನಡಕ ಒರೆಸಿಕೊಂಡರು, ಎದ್ದರು, ಟೀ ಕುಡಿಯಲು ಹೊರಟರು. ಬಾಗಿಲ ಹತ್ತಿರ ಕಾವಲಿನವನ ಜೊತೆ ಅವನ ಹಲ್ಲುನೋವಿನ ವಿಚಾರ ಮಾತಾಡಿದರು. ವಾಪಸ್ ಬಂದು, ಪರದೆಯನ್ನು ಒಮ್ಮೆ ಓರೆಗಣ್ಣಿನಿಂದ ನೋಡಿ, ಇಪ್ಪತ್ತಮೂರು ಶುರು ಮಾಡಿದರು. ನಾನು ಹಾರಿಬಿದ್ದೆ. "ಸರ್, ಇದು ನೋಟ್‌ಬುಕ್ಕಲ್ಲಿ ಇಲ್ವಲ್ಲ!" ಅವರಿಗೆ ಅರ್ಥವೇ ಆಗಲಿಲ್ಲ. "ಟೀ ಕುಡಿಯೋದನ್ನ ಯಾರಾದ್ರೂ ಬರೀತಾರೇನಮ್ಮಾ?" ಅಂದರು.

ನೋಡು ಅಮ್ಮಾ, ಕೈಗುಣವೂ ಇಲ್ಲ, ಗುಟ್ಟೂ ಇಲ್ಲ. ಮೇಷ್ಟ್ರು ಟೀ ಕುಡಿಯುವಷ್ಟು ಹೊತ್ತು ಆ ಎರಡು ಡಿಸ್ಕುಗಳು ಒಳಗೊಳಗೇ ಒಂದನ್ನೊಂದು ಹೊಂದಿಸಿಕೊಳ್ಳುತ್ತಿದ್ದವು. ನನ್ನ ಸ್ಕ್ರಿಪ್ಟ್ ಟೀ ಕುಡಿಯುವುದಿಲ್ಲ. ಇಪ್ಪತ್ತೆರಡು ಆಯಿತೋ ಇಲ್ಲವೋ, ಇಪ್ಪತ್ತಮೂರಕ್ಕೆ ಹಾರುತ್ತಿತ್ತು. ಮೊದಲು ಹದಿನೈದು ನಿಮಿಷ ಕಾಯಿ ಅಂತ ಬರೆದೆ. ಅದೂ ಎಲ್ಲ ಸಲ ಸಾಲಲಿಲ್ಲ, ದೊಡ್ಡ ಡಿಸ್ಕಿಗೆ ಹೆಚ್ಚು ಹೊತ್ತು ಬೇಕು. ಆಮೇಲೆ ಮೇಷ್ಟ್ರ ಆ ಓರೆಗಣ್ಣು ನೆನಪಾಯಿತು. ಗಡಿಯಾರ ನೋಡಬೇಡ, ಅರ್ಧರ್ಧ ನಿಮಿಷಕ್ಕೆ ಡಿಸ್ಕನ್ನೇ ಕೇಳು, ಅದು ಆಯಿತು ಅಂದಮೇಲೆ ಮುಂದೆ ಹೋಗು ಅಂತ ತಿದ್ದಿದೆ. ಶುಕ್ರವಾರ ಮಧ್ಯಾಹ್ನ ಮೇಡಂ ಎದುರಿಗೇ ಒಂದು ಕೀಲಿ ಒತ್ತಿ ಕೈಕಟ್ಟಿ ಕೂತೆ. ನಲವತ್ತೊಂದೂ ಹೆಜ್ಜೆ ತಾನೇ ದಾಟಿ, ಒಳಗಿನ ಹನ್ನೆರಡು ಯಂತ್ರಗಳೂ ಎದ್ದು ಕೂತವು. ಮೇಡಂ ಗಡಿಯಾರ ನೋಡಿ "ನಾಲ್ಕಾಯ್ತು, ಇನ್ನೂ ಇಲ್ಲೇನು ಮಾಡ್ತಿದ್ದೀಯ?" ಅಂದರು. ಕೌಂಟರಿನ ಮಾತು ಆಮೇಲೆ ಬರಲಿಲ್ಲ. ಮೇಷ್ಟ್ರು ಮಾತ್ರ ನೋಟ್‌ಬುಕ್ ತೆಗೆದು ಎರಡು ಸಾಲಿನ ಸಂದಿಯಲ್ಲಿ ದುಂಡಗೆ "ಟೀ" ಅಂತ ಬರೆದು ನನ್ನ ಕೈಗಿತ್ತರು.

ಮನೆಗೆ ಬಂದು ಫ್ರಿಜ್ಜಿನ ಮುಂದೆ ನಿಂತೆ. ಏಳು, ಮಲಗಿಸು. ಎಂಟು, ಬಾಗಿಲು ಓರೆ ಮಾಡು. ನೀನು ಇಲ್ಲಿದ್ದಾಗ ಇವೆರಡರ ನಡುವೆ ಏನು ಮಾಡುತ್ತಿದ್ದೆ ಅಂತ ಕಣ್ಣುಮುಚ್ಚಿ ನೆನಪು ಮಾಡಿಕೊಂಡೆ. ನಾನು ಅಡುಗೆಮನೆಯಿಂದ ಕೂಗುತ್ತಿದ್ದೆ, "ಅಮ್ಮಾ, ಮಲಗಿದ್ಲಲ್ಲ, ಬಾ, ಊಟ ಆರ್ತಿದೆ." ನೀನು ಬರುತ್ತಿರಲಿಲ್ಲ. ಮಂಚದ ಅಂಚಿನಲ್ಲಿ ಕಿಟಕಿ ನೋಡುತ್ತ ಕೂತಿರುತ್ತಿದ್ದೆ. ದಣಿವಾರಿಸಿಕೊಳ್ಳುತ್ತಿದ್ದೀಯ ಅಂದುಕೊಂಡಿದ್ದೆ. ನಿನ್ನ ತೋರುಬೆರಳು ಅವಳ ಮುಷ್ಟಿಯೊಳಗೆ ಇರುತ್ತಿತ್ತಲ್ಲ ಅಮ್ಮಾ? ಕಣ್ಣು ಮುಚ್ಚಿದ ಮೇಲೂ ಅವಳು ಮುಷ್ಟಿ ಬಿಡುವುದಿಲ್ಲ, ಮುಷ್ಟಿ ಸಡಿಲವಾದ ಮೇಲೇ ನಿಜವಾದ ನಿದ್ದೆ. ನಾವು ಗಂಡ ಹೆಂಡತಿ ಅವಳ ಕಣ್ಣು ಮುಚ್ಚಿದ್ದೇ ತಡ ಬೆರಳು ಬಿಡಿಸಿಕೊಂಡು ಓಡುತ್ತಿದ್ದೆವು. ನಿನ್ನೆ ನಾನು ಕೂತೆ. ಹತ್ತೊಂಬತ್ತು ನಿಮಿಷ. ಅವಳು ಎರಡು ಗಂಟೆ ಮಲಗಿದಳು. ಪಕ್ಕದಲ್ಲೇ ನಾನೂ. ನಿನ್ನ ಅಳಿಯ ಎರಡು ಸಲ ಬಂದು ಇಬ್ಬರೂ ಉಸಿರಾಡುತ್ತಿದ್ದೇವಾ ಅಂತ ನೋಡಿ ಹೋದರಂತೆ.

ಈಗ ಅಕ್ಷರ ಯಾಕೆ ಸೊಟ್ಟ ಅಂತ ಗೊತ್ತಾಯಿತಲ್ಲ. ಇದನ್ನು ಮಂಚದ ಅಂಚಿನಲ್ಲೇ ಕೂತು ಬರೆಯುತ್ತಿದ್ದೇನೆ, ಎಡಗೈ ಬೆರಳು ಅವಳ ವಶದಲ್ಲಿದೆ, ಕಾಗದ ಹಿಡಿದುಕೊಳ್ಳಲು ಕೈಯಿಲ್ಲ. ತಂಗಿಗೆ ನನ್ನ ಮುದ್ದು, ಅವಳ ಗಂಡನಿಗೆ ನೆನಪು ಹೇಳು. ನಿನ್ನ ಕಾಲಿಗೆ ಇಲ್ಲಿಂದಲೇ ನಮಸ್ಕಾರ. ಹರಸು.

ನಿನ್ನ,
ದೊಡ್ಡವಳು

ಮರೆತ ಮಾತು: ಮುಷ್ಟಿ ಬಿಟ್ಟಳು. ಭಾನುವಾರ ಕೊರಿಯರ್ ಅಂಗಡಿ ಬೇಗ ಮುಚ್ಚುತ್ತದೆ, ಅದರೊಳಗೆ ಓಡಬೇಕು, ಚಿಕ್ಕದಾಗಿ ಹೇಳಿಬಿಡುತ್ತೇನೆ. ಶುಕ್ರವಾರದ ಟಿಕೆಟ್ ರದ್ದು ಮಾಡಿಸು. ಬರಬೇಡಮ್ಮಾ, ತಂಗಿಯ ಹತ್ತಿರವೇ ಇರು. ನೀನು ಬೇಕು ಅನ್ನಿಸುವುದು ನಿಂತಿಲ್ಲ, ಆದರೆ ಈಗ ನಾನು ಕಾಯಬಲ್ಲೆ. ಹೆರಿಗೆಯಾದ ಮೇಲೆ ಅವಳಿಗೂ ಒಂದು ಪಟ್ಟಿ ಬರೆದುಕೊಡುತ್ತೀಯಲ್ಲ, ಅದರಲ್ಲಿ ಏಳಾದ ಮೇಲೆ, ಎಂಟಕ್ಕೆ ಮೊದಲು, ನೀನು ಸುಮ್ಮನೆ ಕೂತಿರುವುದನ್ನೂ ಬರಿ.